ಜಗ್ಗುವ ತೊಲೆ: ಮಾಳಿಗೆ ಮನೆಯ ಮರಗೆಲಸ ಮತ್ತು ಕ್ರೀಪ್‌ನ ಗಣಿತ ಮಾದರಿ

1. ಪ್ರವೇಶ

ಕನ್ನಡದಲ್ಲಿ ಜಾನಪದ ಅಧ್ಯಯನವು ತನ್ನ ಮೊದಲ ಹಂತಗಳಲ್ಲಿ ಹಾಡು, ಕಥೆ, ಗಾದೆ, ಒಗಟು, ಮಹಾಕಾವ್ಯಗಳ ಸಂಗ್ರಹಕ್ಕೆ ಹೆಚ್ಚಿನ ಒತ್ತು ನೀಡಿತು. ಇದು ಸಹಜವೇ ಆಗಿತ್ತು; ಕಾಲ ಮೀರಿದರೆ ದೊರೆಯದ ಸಂಪತ್ತು ಅದು. ಆದರೆ ರಿಚರ್ಡ್ ಡಾರ್ಸನ್ 1972ರಲ್ಲಿ ಜನಪದ ಜೀವನವನ್ನು ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ ಮತ್ತು ಪ್ರದರ್ಶನ ಕಲೆ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿದಾಗ, ಎರಡನೆಯ ವಲಯವೂ ಮೊದಲನೆಯದರಷ್ಟೇ ವಿಸ್ತಾರವಾದುದೆಂಬುದು ಸ್ಪಷ್ಟವಾಯಿತು. ಹೆನ್ರಿ ಗ್ಲಾಸಿ 1975ರಲ್ಲಿ ಪ್ರಕಟಿಸಿದ ವರ್ಜೀನಿಯಾದ ಜನಪದ ವಸತಿಗಳ ಅಧ್ಯಯನವು, ಮನೆಯನ್ನೂ ಒಂದು ಪಠ್ಯದಂತೆ ಓದಬಹುದೆಂದು ತೋರಿಸಿತು. ನಮ್ಮಲ್ಲಿಯೂ ಮನೆಯ ವಿನ್ಯಾಸ, ಬಾಗಿಲುವಾಡದ ಕೆತ್ತನೆ, ಗೃಹಪ್ರವೇಶದ ಆಚರಣೆಗಳನ್ನು ಕುರಿತ ಬರಹಗಳು ಬಂದಿವೆ. ಆದರೆ ಮನೆಯ ಭಾರವನ್ನು ಹೊರುವ ತೊಲೆಯ ಬಗ್ಗೆ, ಅದು ಕಾಲಾಂತರದಲ್ಲಿ ಏಕೆ ಜಗ್ಗುತ್ತದೆ ಎಂಬ ಬಗ್ಗೆ, ಆ ಜಗ್ಗುವಿಕೆಯನ್ನು ಬಡಗಿಗಳು ಹೇಗೆ ಎದುರಿಸಿದರು ಎಂಬ ಬಗ್ಗೆ ಜಾನಪದ ವಿದ್ವಾಂಸರು ಅಷ್ಟಾಗಿ ಯೋಚಿಸಿಲ್ಲ.

ಎಂಜಿನಿಯರಿಂಗ್ ಶಾಸ್ತ್ರದಲ್ಲಿ ಈ ವಿದ್ಯಮಾನಕ್ಕೆ ಕ್ರೀಪ್ ಎಂದು ಹೆಸರು. ಹೊತ್ತ ಭಾರ ಹೆಚ್ಚದಿದ್ದರೂ, ಕೇವಲ ಕಾಲ ಸರಿದಂತೆ ವಸ್ತುವಿನ ಆಕಾರ ಬದಲಾಗುತ್ತ ಹೋಗುವುದೇ ಕ್ರೀಪ್. ಇದನ್ನು ಲೆಕ್ಕಕ್ಕೆ ತರಲು ಇಂದು ಬಳಕೆಯಲ್ಲಿರುವ ಪ್ರಮುಖ ಸಾಧನ ಫೈನೈಟ್ ಎಲಿಮೆಂಟ್ ವಿಶ್ಲೇಷಣೆ. ಇದನ್ನು ಕನ್ನಡದಲ್ಲಿ ಪರಿಮಿತ ಘಟಕ ವಿಶ್ಲೇಷಣೆ ಎನ್ನಬಹುದು. ಉತ್ತರ ಕರ್ನಾಟಕದ ಮಾಳಿಗೆ ಮನೆಯ ತೊಲೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಶ್ಲೇಷಣೆಯ ತತ್ತ್ವವನ್ನು ವಿವರಿಸುವುದು, ಮತ್ತು ಇಂತಹ ಲೆಕ್ಕಕ್ಕೆ ಜಾನಪದ ಕ್ಷೇತ್ರಕಾರ್ಯವು ಏನನ್ನು ಒದಗಿಸಬಲ್ಲುದೆಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಬಳುಕು, ಬಾಗು, ಜಗ್ಗು

ಪರಿಭಾಷೆಯ ವಿಚಾರವನ್ನು ಮೊದಲು ನೋಡೋಣ. ಭಾರಕ್ಕೆ ಮರ ತೋರುವ ಪ್ರತಿಕ್ರಿಯೆಯನ್ನು ಸೂಚಿಸಲು ಕನ್ನಡದಲ್ಲಿ ಹಲವು ಕ್ರಿಯಾಪದಗಳಿವೆ. ಬಳುಕುವುದು ಒಂದು, ಒತ್ತಿದರೆ ಬಾಗಿ, ಬಿಟ್ಟರೆ ಮರಳಿ ನೆಟ್ಟಗಾಗುವ ಬಿದಿರಿನ ಗುಣ ಅದು. ಬಾಗುವುದು ಸಾಮಾನ್ಯ ಪದ. ಅದರಲ್ಲಿ ಕಾಲದ ಸೂಚನೆಯಿಲ್ಲ. ಜಗ್ಗುವುದು ಇವೆರಡಕ್ಕಿಂತ ಭಿನ್ನ. ತೊಲೆ ಜಗ್ಗಿದೆ ಎಂದಾಗ ಅದು ನಿಧಾನವಾಗಿ ಇಳಿದಿದೆ, ಇನ್ನು ತಾನಾಗಿ ಮೇಲೇಳದು ಎಂಬ ಅರ್ಥ ಹೊರಡುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಿಂತ ಮರದ ಮಟ್ಟಿಗೆ ಸರಿ. ಕಡಿದು ತೊಲೆಯಾಗಿ ಅಡ್ಡ ಮಲಗಿಸಿದ ಮರ ಮಾತ್ರ ಬಗ್ಗಿಯೇ ಬಗ್ಗುತ್ತದೆ, ಅದೂ ದಶಕಗಳ ಕಾಲ.

ವಿಜ್ಞಾನವು ಮರದ ವಿರೂಪವನ್ನು ಮೂರು ಅಂಶಗಳಾಗಿ ಒಡೆಯುತ್ತದೆ. ಭಾರ ಬಿದ್ದ ಕೂಡಲೇ ಕಾಣಿಸಿಕೊಂಡು ಭಾರ ತೆಗೆದ ಕೂಡಲೇ ಅಳಿಯುವ ಸ್ಥಿತಿಸ್ಥಾಪಕ ಅಂಶ. ನಿಧಾನವಾಗಿ ಬಂದು ನಿಧಾನವಾಗಿ ಮರಳುವ ವಿಳಂಬಿತ ಅಂಶ. ಎಂದಿಗೂ ಮರಳದ ಸ್ನಿಗ್ಧ ಅಂಶ. ಮೊದಲನೆಯದಕ್ಕೆ ಬಳುಕು ಎಂದೂ ಕೊನೆಯದಕ್ಕೆ ಜಗ್ಗು ಎಂದೂ ಹೇಳಿದರೆ ಅರ್ಥಕ್ಕೆ ಚ್ಯುತಿಯಾಗದು. ಕ್ರೀಪ್ ಎಂಬುದು ಎರಡನೆಯ ಮತ್ತು ಮೂರನೆಯ ಅಂಶಗಳ ಮೊತ್ತ.

3. ಮಾಳಿಗೆ ಮನೆಯ ರಚನೆ

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಬಳ್ಳಾರಿ ಮುಂತಾದ ಮಳೆ ಕಡಿಮೆಯಿರುವ ಜಿಲ್ಲೆಗಳಲ್ಲಿ ಮೇಲ್ಮುದ್ದೆಯ ಮನೆ, ಅಂದರೆ ಮಣ್ಣಿನ ಚಪ್ಪಟೆ ಮಾಳಿಗೆಯ ಮನೆ, ಬಹುಕಾಲದಿಂದ ರೂಢಿಯಲ್ಲಿದೆ. ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಸೀಳುಕಟ್ಟಿಗೆ ಮತ್ತು ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು: ಇದು ಸ್ಥೂಲ ರಚನೆ. ಮೇಲಿನ ಪದರಕ್ಕೆ ಸವಳು ಮಣ್ಣನ್ನು ಆರಿಸುವ ರೂಢಿಯಿದೆ. ಸೋಡಿಯಂ ಅಂಶ ಹೆಚ್ಚಿರುವ ಜೇಡಿಕಣಗಳು ನೆನೆದಾಗ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತವೆ. ಹಾಗಾಗಿ ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಇದೇ ದಪ್ಪ ಮಣ್ಣು ಮನೆಯನ್ನು ತಂಪಾಗಿಡುತ್ತದೆ.

ಈ ಅನುಕೂಲಗಳ ಬೆಲೆಯನ್ನು ತೆರುವುದು ತೊಲೆ. ಅಡಕಗೊಂಡ ಮಣ್ಣು ಘನಮೀಟರಿಗೆ ಸುಮಾರು 1,700 ಕಿಲೋಗ್ರಾಂ ತೂಗುತ್ತದೆಂದು ಹಿಡಿದರೆ, 30 ಸೆಂ.ಮೀ. ದಪ್ಪದ ಮಾಳಿಗೆ ಚದರ ಮೀಟರಿಗೆ 510 ಕಿಲೋಗ್ರಾಂ ಭಾರ ಹೇರುತ್ತದೆ. ಈ ಭಾರದ ವಿಶೇಷವೆಂದರೆ ಅದು ಹಗಲಿರುಳೂ ಇರುವಂಥದು. ಜನರ ಓಡಾಟ, ಗಾಳಿ, ಒಣಹಾಕಿದ ಕಾಳು ಬಂದು ಹೋಗುವ ಭಾರಗಳು. ಮಣ್ಣು ಬಿಡುವಿಲ್ಲದ ಭಾರ. ಕ್ರೀಪ್‌ಗೆ ಬೇಕಾದುದು ಇಂತಹ ಭಾರವೇ.

4. ಕ್ರೀಪ್ ಅಧ್ಯಯನದ ಹಿನ್ನೆಲೆ

ದೀರ್ಘಕಾಲದ ಭಾರಕ್ಕೆ ಮರ ಸೋಲುತ್ತದೆಂಬುದು ಯುರೋಪಿನ ವಿದ್ವಾಂಸರಿಗೆ ಹದಿನೆಂಟನೆಯ ಶತಮಾನದಲ್ಲಿಯೇ ತಿಳಿದಿತ್ತು. ಫ್ರಾನ್ಸಿನ ಪ್ರಕೃತಿವಿಜ್ಞಾನಿ ಬಫಾನ್ ದೊಡ್ಡ ಓಕ್ ತೊಲೆಗಳ ಮೇಲೆ ಪ್ರಯೋಗ ನಡೆಸಿ, 1740-41ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ಬಹುಕಾಲ ಬಾಳಬೇಕಾದ ಕಟ್ಟಡದಲ್ಲಿ, ಮರವನ್ನು ಮುರಿಯಬಲ್ಲ ಭಾರದ ಅರ್ಧಕ್ಕಿಂತ ಹೆಚ್ಚನ್ನು ಹೇರಬಾರದೆಂಬುದು ಅವನ ಸಲಹೆ. 1951ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯೋತ್ಪನ್ನ ಪ್ರಯೋಗಾಲಯದಿಂದ ಲೈಮನ್ ವುಡ್ ಪ್ರಕಟಿಸಿದ ರೇಖೆ, ಮುಂದೆ ಮ್ಯಾಡಿಸನ್ ರೇಖೆ ಎಂದೇ ಪ್ರಸಿದ್ಧವಾಯಿತು. ಅದರ ಪ್ರಕಾರ ಹತ್ತು ವರ್ಷ ಹೊರಬೇಕಾದ ಭಾರಕ್ಕೆ ಮರ ತೋರುವ ಬಲ, ಕೆಲವೇ ನಿಮಿಷಗಳ ಪರೀಕ್ಷೆಯಲ್ಲಿ ತೋರುವ ಬಲದ ಸುಮಾರು ಶೇ. 60ರಷ್ಟು ಮಾತ್ರ.

ಬಲದ ಜೊತೆಗೆ ಬಾಗುವಿಕೆಯ ಅಧ್ಯಯನವೂ ಬೆಳೆಯಿತು. 1874ರಲ್ಲಿ ಬೋಲ್ಟ್ಸ್‌ಮನ್ ಮಂಡಿಸಿದ ಅಧ್ಯಾರೋಪ ತತ್ತ್ವದಂತೆ, ಬೇರೆ ಬೇರೆ ಕಾಲದಲ್ಲಿ ಬಂದು ಸೇರಿದ ಭಾರಗಳು ತಮ್ಮ ತಮ್ಮ ವಯಸ್ಸಿಗೆ ತಕ್ಕ ವಿರೂಪವನ್ನು ಪ್ರತ್ಯೇಕವಾಗಿ ಉಂಟುಮಾಡುತ್ತವೆ. ಒಟ್ಟು ವಿರೂಪ ಅವುಗಳ ಮೊತ್ತ. 1910ರಲ್ಲಿ ಆಂಡ್ರಾಡೆ ಲೋಹದ ತಂತಿಗಳಲ್ಲಿ, ಆರಂಭಿಕ ಹಂತದ ಕ್ರೀಪ್ ಕಾಲದ ಘನಮೂಲಕ್ಕೆ ಅನುಗುಣವಾಗಿ ಬೆಳೆಯುವುದನ್ನು ಗುರುತಿಸಿದನು. ಮರಕ್ಕೂ ಇಂತಹದೇ ಘಾತ ನಿಯಮವನ್ನು ಬಳಸುತ್ತಾರೆ. ಘಾತಾಂಕ ಮಾತ್ರ ಮರದ ಜಾತಿ ಮತ್ತು ತೇವದೊಂದಿಗೆ ಬದಲಾಗುತ್ತದೆ. ಘನಮೂಲವನ್ನೇ ಹಿಡಿದರೂ, ಮೊದಲ ವರ್ಷದಲ್ಲಿ ಆದ ಕ್ರೀಪ್ ಇಮ್ಮಡಿಯಾಗಲು ಎಂಟು ವರ್ಷ, ನಾಲ್ಮಡಿಯಾಗಲು 64 ವರ್ಷ ಬೇಕು. ಹೊಸ ಮನೆಯಲ್ಲಿ ಬೇಗ ಜಗ್ಗಿದ ತೊಲೆ ಆಮೇಲೆ ನಿಂತುಬಿಟ್ಟಂತೆ ಕಾಣುವುದಕ್ಕೂ, ಎರಡು ತಲೆಮಾರಿನ ಬಳಿಕ ನೋಡಿದರೆ ನಿಂತಿಲ್ಲವೆಂದು ತಿಳಿಯುವುದಕ್ಕೂ ಇದೇ ಕಾರಣ.

ಮೂರನೆಯ ಸಂಗತಿ ತೇವಕ್ಕೆ ಸಂಬಂಧಿಸಿದ್ದು. 1960ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಕಿಂಗ್‌ಸ್ಟನ್ ಒಂದು ಅಚ್ಚರಿಯ ಫಲಿತಾಂಶವನ್ನು ಪ್ರಕಟಿಸಿದರು. ಭಾರ ಹೊತ್ತಿರುವಾಗಲೇ ಒಣಗುವ ತೊಲೆ, ಸದಾ ಹಸಿಯಾಗಿಯೇ ಇರುವ ತೊಲೆಗಿಂತಲೂ ಹೆಚ್ಚು ಬಾಗುತ್ತದೆ. ಅಂದರೆ ತೇವದ ಪ್ರಮಾಣಕ್ಕಿಂತ ತೇವದ ಏರಿಳಿತ ಹೆಚ್ಚು ಹಾನಿಕರ. ಮಳೆಗಾಲದ ತೇವ ಮತ್ತು ಬೇಸಿಗೆಯ ಬಿರುಬಿಸಿಲುಗಳ ನಡುವೆ ವರ್ಷವರ್ಷವೂ ತೂಗುವ ನಮ್ಮ ಬಯಲುಸೀಮೆಯ ತೊಲೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

5. ಒಂದು ತೊಲೆಯ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಮಾದರಿ ತೊಲೆಯನ್ನು ಕಲ್ಪಿಸಿಕೊಳ್ಳೋಣ. ಎರಡು ಆಧಾರಗಳ ನಡುವಿನ ಅಂತರ 3 ಮೀಟರ್. ಅಗಲ 15 ಸೆಂ.ಮೀ., ಎತ್ತರ 20 ಸೆಂ.ಮೀ.; ಮರ ತೇಗ, ಅದರ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 10 ಗಿಗಾಪ್ಯಾಸ್ಕಲ್. ತೊಲೆ 1.2 ಮೀಟರ್ ಅಗಲದ ಮಾಳಿಗೆಯನ್ನು ಹೊರುತ್ತದೆ. ಮಣ್ಣು, ಜಂತೆ, ಸ್ವಂತ ತೂಕ ಸೇರಿ ಮೀಟರಿಗೆ ಸುಮಾರು 650 ಕಿಲೋಗ್ರಾಂ, ಅಂದರೆ 6.4 ಕಿಲೋನ್ಯೂಟನ್. ಸಾಮಾನ್ಯ ಸೂತ್ರದಂತೆ ಲೆಕ್ಕಹಾಕಿದರೆ ನಡುಭಾಗದ ತತ್‌ಕ್ಷಣದ ಬಾಗು 6.75 ಮಿ.ಮೀ. ಒಳಗಿನ ಗರಿಷ್ಠ ಪೀಡನ 7.2 ಮೆಗಾಪ್ಯಾಸ್ಕಲ್, ಒಳ್ಳೆಯ ತೇಗವನ್ನು ಮುರಿಯಲು ಇದರ ಹಲವು ಪಟ್ಟು ಬೇಕು. ಆದುದರಿಂದ ಈ ತೊಲೆ ಮುರಿಯುವ ಭಯವಿಲ್ಲ. ಪ್ರಶ್ನೆಯಿರುವುದು ಜಗ್ಗಿನದು.

ಭಾರತೀಯ ಮಾನಕ 883ರ 1994ರ ಆವೃತ್ತಿಯು ಸಾಮಾನ್ಯ ತೊಲೆಗಳ ಬಾಗು ಅಂತರದ 240ನೆಯ ಒಂದು ಭಾಗವನ್ನು ಮೀರಬಾರದೆನ್ನುತ್ತದೆ. ನಮ್ಮ ತೊಲೆಗೆ ಅದು 12.5 ಮಿ.ಮೀ. ಇನ್ನು ಯುರೋಪಿನ ಮರದ ಕಟ್ಟಡಗಳ ಸಂಹಿತೆಯಾದ ಯೂರೋಕೋಡ್ 5, ಶಾಶ್ವತ ಭಾರದ ಕ್ರೀಪ್ ಅನ್ನು ತತ್‌ಕ್ಷಣದ ಬಾಗಿನ ಗುಣಕವಾಗಿ ಹೇಳುತ್ತದೆ: ಬೆಚ್ಚಗಿನ ಒಣ ಒಳಾಂಗಣಕ್ಕೆ 0.6, ಸೂರಿನಡಿಯ ಸಾಧಾರಣ ತೇವಕ್ಕೆ 0.8, ಮಳೆಗೆ ತೆರೆದ ಸ್ಥಿತಿಗೆ 2.0. ಹಸಿ ಮರವನ್ನೇ ಬಳಸಿ, ಅದು ಭಾರ ಹೊತ್ತು ಒಣಗುವುದಾದರೆ ಈ ಗುಣಕಕ್ಕೆ 1.0 ಸೇರಿಸಬೇಕು. ಇದರಂತೆ ನಮ್ಮ ತೊಲೆಯ ಅಂತಿಮ ಬಾಗು, ಒಣಮರವಾದರೆ 12.2 ಮಿ.ಮೀ.; ಹಸಿಮರವಾದರೆ 18.9 ಮಿ.ಮೀ.; ಮಾಳಿಗೆ ಸೋರಿ ತೊಲೆ ನೆನೆಯುತ್ತಿದ್ದರೆ 20 ಮಿ.ಮೀ.ಗೂ ಮೇಲೆ. ಮಿತಿಯೊಳಗೆ ಉಳಿಯುವುದು ಒಣಮರದ ತೊಲೆಯೊಂದೇ. ಈ ಗುಣಕಗಳು ಯುರೋಪಿನ ಮರ ಮತ್ತು ಹವಾಮಾನವನ್ನು ಮುಖ್ಯವಾಗಿ ಆಧರಿಸಿದವು. ತೇಗ, ಮತ್ತಿ, ಬೇವುಗಳಿಗೆ ಅವನ್ನು ದಿಕ್ಸೂಚಿಯಾಗಿ ಮಾತ್ರ ಬಳಸಬೇಕು.

6. ಪರಿಮಿತ ಘಟಕ ಮಾದರಿ ಏನು ಮಾಡುತ್ತದೆ

ಮೇಲಿನ ಲೆಕ್ಕ ಕೈಬರಹದಲ್ಲಿಯೇ ಮುಗಿಯಿತು. ಒಂದೇ ಗುಣದ ಮರ, ಎರಡೇ ಆಧಾರ, ಬದಲಾಗದ ಭಾರ ಇದ್ದರೆ ಕ್ರೀಪ್‌ನಿಂದ ಒಳಗಿನ ಪೀಡನ ಬದಲಾಗದು, ಬಾಗು ಮಾತ್ರ ಹೆಚ್ಚುತ್ತದೆ. ಆಗ ಸರಳ ಗುಣಕವೇ ಸಾಕು. ಆದರೆ ನಿಜವಾದ ತೊಲೆ ಹೀಗಿರುವುದಿಲ್ಲ. ಅದರಲ್ಲಿ ಚೇಗು ಒಂದೆಡೆ, ಹೊರಭಾಗದ ಬಿಳಿ ಮರ ಇನ್ನೊಂದೆಡೆ ಇರುತ್ತದೆ; ಗಂಟುಗಳಿರುತ್ತವೆ; ಗೋಡೆಯೊಳಗೆ ಹೊಕ್ಕ ತುದಿ ಹೆಚ್ಚು ತೇವವಾಗಿರುತ್ತದೆ; ಒಂದೇ ತೊಲೆ ಮೂರು ಕಂಬಗಳ ಮೇಲೆ ಹಾಯುತ್ತದೆ; ಮಣ್ಣು ಕಾಲಕಾಲಕ್ಕೆ ಹೆಚ್ಚುತ್ತದೆ. ಪರಿಮಿತ ಘಟಕ ವಿಧಾನದ ಉಪಯುಕ್ತತೆ ಇರುವುದು ಇಂತಹ ಕಡೆ.

ಈ ವಿಧಾನದ ಬೀಜ ಕೂರಾಂಟ್ 1943ರಲ್ಲಿ ಬರೆದ ಪ್ರಬಂಧದಲ್ಲಿದೆ. ವಿಮಾನದ ರಚನೆಗಳನ್ನು ಕುರಿತು ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ 1956ರಲ್ಲಿ ಪ್ರಕಟಿಸಿದ ಲೇಖನ ಅದಕ್ಕೆ ರೂಪ ಕೊಟ್ಟಿತು. 1960ರಲ್ಲಿ ಕ್ಲಫ್ ಅದಕ್ಕೆ ಇಂದಿನ ಹೆಸರನ್ನಿಟ್ಟನು. ತತ್ತ್ವ ಸರಳ. 3 ಮೀಟರ್ ತೊಲೆಯನ್ನು 15 ಸೆಂ.ಮೀ. ಉದ್ದದ 20 ತುಂಡುಗಳಾಗಿ ಭಾವಿಸುವುದು. ಪ್ರತಿ ತುಂಡೂ ಒಂದು ಘಟಕ. ಘಟಕಗಳು ಕೂಡುವ ಬಿಂದುಗಳೇ ಸಂಧಿಗಳು. ಪ್ರತಿ ಸಂಧಿಯಲ್ಲಿ ಎರಡು ಅಜ್ಞಾತಗಳು: ಅದು ಎಷ್ಟು ಇಳಿದಿದೆ, ಎಷ್ಟು ತಿರುಗಿದೆ. ಪ್ರತಿ ಘಟಕದ ಬಿಗಿತವನ್ನು ನಾಲ್ಕು ಸಾಲು ನಾಲ್ಕು ಕಂಬಗಳ ಕೋಷ್ಟಕವಾಗಿ ಬರೆದು, ಎಲ್ಲವನ್ನೂ ಜೋಡಿಸಿ, ಆಧಾರಗಳ ನಿಬಂಧನೆ ಹಾಕಿ ಬಿಡಿಸಿದರೆ ತೊಲೆಯ ಆಕಾರ ದೊರೆಯುತ್ತದೆ. ಮೊದಲು ಕ್ರೀಪ್ ಇಲ್ಲದೆ ಲೆಕ್ಕ ಮಾಡಿ 6.75 ಮಿ.ಮೀ. ಬರುತ್ತದೆಯೇ ಎಂದು ನೋಡಬೇಕು. ಬಾರದಿದ್ದರೆ ಮಾದರಿಯಲ್ಲಿಯೇ ದೋಷವಿದೆ, ಮುಂದುವರಿಯುವುದು ವ್ಯರ್ಥ.

ಕ್ರೀಪ್ ಸೇರಿಸಲು ಕಾಲವನ್ನೂ ತುಂಡುಮಾಡಬೇಕು. ಆರಂಭದಲ್ಲಿ ಕ್ರೀಪ್ ಚುರುಕಾಗಿರುವುದರಿಂದ ಗಂಟೆ, ದಿನಗಳ ಸಣ್ಣ ಹೆಜ್ಜೆಗಳು. ಆಮೇಲೆ ವಾರ, ತಿಂಗಳುಗಳ ದೊಡ್ಡ ಹೆಜ್ಜೆಗಳು. ಪ್ರತಿ ಘಟಕದ ಅಡ್ಡಕೊಯ್ತವನ್ನು ಮೇಲಿನಿಂದ ಕೆಳಗೆ ಪದರಗಳಾಗಿ ವಿಂಗಡಿಸಿ, ಪ್ರತಿ ಪದರದ ಪೀಡನದಿಂದ ಆ ಹೆಜ್ಜೆಯಲ್ಲಿ ಬೆಳೆಯುವ ಕ್ರೀಪ್ ವಿಕೃತಿಯನ್ನು ಕಂಡುಹಿಡಿಯುತ್ತಾರೆ. ಆ ವಿಕೃತಿಯನ್ನು ಸಮಾನವಾದ ಒಂದು ಕಲ್ಪಿತ ಭಾರವಾಗಿ ಪರಿವರ್ತಿಸಿ ಸಂಧಿಗಳ ಮೇಲೆ ಹೇರಿ, ಮತ್ತೆ ಬಿಡಿಸುತ್ತಾರೆ. ಹೊಸ ಆಕಾರ, ಹೊಸ ಪೀಡನ ದೊರೆಯುತ್ತದೆ. ಮುಂದಿನ ಹೆಜ್ಜೆ ಅಲ್ಲಿಂದ ಆರಂಭ. ಬೇಗ ಜಗ್ಗುವ ಬಿಳಿ ಮರ ತನ್ನ ಪಾಲಿನ ಭಾರವನ್ನು ಚೇಗಿಗೆ ದಾಟಿಸುವುದು ಈ ಹೆಜ್ಜೆಗಳಲ್ಲಿ ಕಾಣಿಸುತ್ತದೆ.

ಕ್ರೀಪ್‌ನ ನಿಯಮವಾಗಿ ಸಾಮಾನ್ಯವಾಗಿ ಆರಿಸುವುದು ಬರ್ಗರ್ಸ್ ಮಾದರಿಯನ್ನು. ಎರಡು ಸ್ಪ್ರಿಂಗುಗಳು ಮತ್ತು ಎಣ್ಣೆ ತುಂಬಿದ ಎರಡು ಕೊಳವೆಗಳ ಜೋಡಣೆಯಂತೆ ಅದು ಮರವನ್ನು ಕಲ್ಪಿಸುತ್ತದೆ. ಒಂಟಿ ಸ್ಪ್ರಿಂಗು ಬಳುಕನ್ನೂ, ಒಟ್ಟಾಗಿ ಕಟ್ಟಿದ ಸ್ಪ್ರಿಂಗು-ಕೊಳವೆ ವಿಳಂಬಿತ ಅಂಶವನ್ನೂ, ಒಂಟಿ ಕೊಳವೆ ಮರಳದ ಜಗ್ಗನ್ನೂ ಪ್ರತಿನಿಧಿಸುತ್ತವೆ. ತೊಲೆಯ ಪೂರ್ವೇತಿಹಾಸವನ್ನೆಲ್ಲ ನೆನಪಿಡದೆ, ಪ್ರತಿ ಪದರಕ್ಕೂ ಒಂದೆರಡು ಸಂಖ್ಯೆಗಳನ್ನು ಮಾತ್ರ ಮುಂದಕ್ಕೆ ಸಾಗಿಸಿದರೆ ಸಾಕೆಂಬುದು ಇದರ ಅನುಕೂಲ. ಒಂಟಿ ಕೊಳವೆ ಒಂದೇ ವೇಗದಲ್ಲಿ ಕೊನೆಯಿಲ್ಲದೆ ಇಳಿಯುತ್ತ ಹೋಗುವುದು ಇದರ ದೋಷ. ಹಾಗಾಗಿ ಶತಮಾನದ ಅವಧಿಗೆ ಘಾತ ನಿಯಮ ಅಥವಾ ಹಲವು ಕೊಳವೆಗಳ ಸರಪಳಿ ಮೇಲು. ಪೀಡನವು ಮರದ ಬಲದ ಸುಮಾರು ಶೇ. 40ನ್ನು ಮೀರಿದರೆ ಕ್ರೀಪ್ ಭಾರಕ್ಕೆ ಅನುಪಾತವಾಗಿ ಉಳಿಯುವುದಿಲ್ಲವೆಂಬುದನ್ನೂ ಗಮನಿಸಬೇಕು.

7. ಬಡಗಿಯ ಉತ್ತರಗಳು

ಈ ಹಿನ್ನೆಲೆಯಲ್ಲಿ ಬಡಗಿಗಳ ರೂಢಿಗಳನ್ನು ನೋಡಿದರೆ ಅವು ಹೊಸ ಅರ್ಥ ಪಡೆಯುತ್ತವೆ. ತೊಲೆಯನ್ನು ಅಂಚಿನ ಮೇಲೆ ನಿಲ್ಲಿಸುವುದು ಮೊದಲನೆಯದು. ನಮ್ಮ ಉದಾಹರಣೆಯ ತೊಲೆಯನ್ನೇ ಅಗಲವಾಗಿ ಮಲಗಿಸಿದರೆ ತತ್‌ಕ್ಷಣದ ಬಾಗು 6.75ರಿಂದ 12 ಮಿ.ಮೀ.ಗೆ ಏರುತ್ತದೆ. ಎರಡನೆಯದು, ಸಹಜವಾಗಿ ಬಾಗಿದ ಮರದ ಉಬ್ಬನ್ನು ಮೇಲ್ಮುಖವಾಗಿ ಕೂರಿಸುವುದು. ಮುಂದೆ ಬರಲಿರುವ ಜಗ್ಗಿಗೆ ಇದು ಮುಂಗಡ ಪರಿಹಾರ. ಮೂರನೆಯದು ಮರವನ್ನು ನೀರಿನಲ್ಲಿ ನೆನೆಹಾಕಿ, ಬಳಿಕ ನೆರಳಿನಲ್ಲಿ ಒಣಗಿಸಿ, ಆಮೇಲೆಯೇ ಭಾರ ಹೇರುವುದು. 1960ರ ಫಲಿತಾಂಶವನ್ನು ನೆನೆದರೆ, ಭಾರ ಹೊತ್ತು ಒಣಗುವ ಸ್ಥಿತಿಯನ್ನು ತಪ್ಪಿಸುವುದೇ ಈ ರೂಢಿಯ ತಿರುಳೆಂಬುದು ತಿಳಿಯುತ್ತದೆ. ಕೃಷ್ಣಪಕ್ಷದಲ್ಲಿ ಮರ ಕಡಿಯಬೇಕೆಂಬ ನಂಬಿಕೆಯನ್ನು ಮಾತ್ರ ಈ ಲೆಕ್ಕ ಸಮರ್ಥಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಜನಪದ ಜ್ಞಾನದ ಪ್ರತಿ ಅಂಶಕ್ಕೂ ವೈಜ್ಞಾನಿಕ ಮುದ್ರೆ ಒತ್ತುವ ಉತ್ಸಾಹ ಅಧ್ಯಯನಕಾರನಿಗೆ ಸಲ್ಲದು.

ನಾಲ್ಕನೆಯದು ಹಾಗೂ ಅತ್ಯಂತ ಗಮನಾರ್ಹವಾದುದು ಬೋದಿಗೆ. ಹೂಬಳ್ಳಿ, ಗಿಳಿ, ಸಿಂಹಗಳ ಕೆತ್ತನೆಯಿಂದಾಗಿ ಅದನ್ನು ನಾವು ಬಹುಮಟ್ಟಿಗೆ ಕಲಾವಸ್ತುವಾಗಿಯೇ ಕಂಡಿದ್ದೇವೆ. ಬೋದಿಗೆಯ ತೋಳು ಪ್ರತಿ ಬದಿಯಲ್ಲೂ 30 ಸೆಂ.ಮೀ. ಚಾಚಿದ್ದರೆ 3 ಮೀಟರಿನ ಅಂತರ 2.4 ಮೀಟರಿಗಿಳಿಯುತ್ತದೆ. ಸಮನಾಗಿ ಹರಡಿದ ಭಾರದಡಿ ಬಾಗು ಅಂತರದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ 6.75 ಮಿ.ಮೀ. ಸುಮಾರು 2.8 ಮಿ.ಮೀ.ಗೆ ಕುಸಿಯುತ್ತದೆ. ತೋಳು ತಾನೂ ಸ್ವಲ್ಪ ಬಾಗುವುದರಿಂದ, ತೊಲೆ ಅದರ ಮೇಲೆ ಒತ್ತಿ ಕೂರುವುದರಿಂದ ನಿಜವಾದ ಬೆಲೆ ಇವೆರಡರ ನಡುವೆ ಇರುತ್ತದೆ. ಅದು ಎಲ್ಲಿದೆ, ವರ್ಷಗಳು ಕಳೆದಂತೆ ಯಾವ ಕಡೆ ಸರಿಯುತ್ತದೆ ಎಂಬುದಕ್ಕೆ ಪರಿಮಿತ ಘಟಕ ಮಾದರಿ ಉತ್ತರಿಸಬಲ್ಲುದು. ಬೋದಿಗೆಯ ಅಲಂಕಾರ ಮತ್ತು ಉಪಯೋಗ ಬೇರೆಬೇರೆಯಲ್ಲ; ಮನೆಯ ಬಾಳಿಕೆಯನ್ನು ಹೊತ್ತ ಅಂಗವನ್ನೇ ಜನಪದರು ಸಿಂಗರಿಸಿದರು.

8. ಮಣ್ಣಿನ ಸೇರ್ಪಡೆ ಮತ್ತು ಅಪಾಯ

ಮಾಳಿಗೆ ಮನೆಯಲ್ಲಿ ಮಳೆಗಾಲಕ್ಕೆ ಮುನ್ನ ಮೇಲೆ ಮಣ್ಣು ಹಾಕಿ ಸರಿಪಡಿಸುವ ಪದ್ಧತಿಯಿದೆ. ಇಲ್ಲಿ ಒಂದು ವಿಷಚಕ್ರ ಅಡಗಿದೆ. ತೊಲೆ ಜಗ್ಗಿದರೆ ಮಾಳಿಗೆಯ ನಡುವೆ ತಗ್ಗಾಗುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ತಗ್ಗು ತುಂಬಲು ಮಣ್ಣು ಹಾಕುತ್ತಾರೆ. ಆ ಮಣ್ಣು ಹೊಸ ಭಾರವಾಗಿ ಹೊಸ ಕ್ರೀಪ್ ಅನ್ನು ಆರಂಭಿಸುತ್ತದೆ. 30 ಸೆಂ.ಮೀ. ಮಾಳಿಗೆ 35 ಸೆಂ.ಮೀ. ಆದರೆ ನಮ್ಮ ತೊಲೆಯ ಮೇಲಿನ ಭಾರ ಮೀಟರಿಗೆ ಸುಮಾರು 752 ಕಿಲೋಗ್ರಾಂಗೆ ಏರುತ್ತದೆ.

ಇದು ಕೇವಲ ಶಾಸ್ತ್ರೀಯ ಕುತೂಹಲದ ವಿಷಯವಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿ ಪರಿಸರದಲ್ಲಿ ಸಂಭವಿಸಿದ ಭೂಕಂಪದಲ್ಲಿ 8,000ಕ್ಕೆ ಸಮೀಪದಷ್ಟು ಜನ ಸತ್ತರು. ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಅತಿಭಾರದ ಮಣ್ಣಿನ ಮಾಳಿಗೆಗಳು ಆ ದುರಂತದ ಮುಖ್ಯ ಕಾರಣಗಳೆಂದು ಗುರುತಿಸಲಾಯಿತು. ಆ ಪ್ರದೇಶ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಿಗೆ ಹತ್ತಿರದ್ದು. ಮನೆಗಳ ಮಾದರಿಯೂ ಹತ್ತಿರದ್ದು. ಇಂತಹ ಅನುಭವದ ಬಳಿಕ ಹಳೆಯ ಮಾಳಿಗೆಗಳನ್ನು ಕೆಡವಿ ಕಾಂಕ್ರೀಟ್ ಹಾಕುವುದೊಂದೇ ದಾರಿ ಎಂಬ ಭಾವನೆ ಬೆಳೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕ ಇನ್ನೊಂದು ದಾರಿಯನ್ನೂ ತೋರುತ್ತದೆ. ಕೂಡುತ್ತ ಬಂದ ಮಣ್ಣನ್ನು ಎಚ್ಚರದಿಂದ ತೆಗೆದು 35 ಸೆಂ.ಮೀ.ಯನ್ನು 20ಕ್ಕೆ ಇಳಿಸಿದರೆ ತೊಲೆಯ ಮೇಲಿನ ಭಾರ ಶೇ. 41ರಷ್ಟು ಕಡಿಮೆಯಾಗುತ್ತದೆ. ತೊಲೆ ಕೂಡಲೇ ಸುಮಾರು 3 ಮಿ.ಮೀ. ಮೇಲೇಳುತ್ತದೆ, ಮುಂದಿನ ತಿಂಗಳುಗಳಲ್ಲಿ ವಿಳಂಬಿತ ಅಂಶವೂ ಮರಳುತ್ತದೆ, ಉಳಿದ ಜಗ್ಗು ಶಾಶ್ವತ. ಆ ಶಾಶ್ವತ ಜಗ್ಗನ್ನು ಜಾಕ್ ಇಟ್ಟು ಒಮ್ಮೆಲೇ ನೇರಗೊಳಿಸಲು ಹೋದರೆ ಮರ ಸೀಳುವ ಸಾಧ್ಯತೆಯಿದೆ. ಅದನ್ನು ಹಾಗೆಯೇ ಉಳಿಸಿ, ನಡುವೆ ಆಸರೆಗಂಬ ಕೊಡುವ ಹಳ್ಳಿಗರ ರೂಢಿಯೇ ಎಷ್ಟೋ ವೇಳೆ ವಿವೇಕದ್ದು. ಆದರೆ ಭಾರ ಇಳಿಸಿದ ಮಾತ್ರಕ್ಕೆ ಗೋಡೆಯ ದೌರ್ಬಲ್ಯ ನೀಗದು. ಅದಕ್ಕೆ ಪ್ರತ್ಯೇಕ ಪರಿಹಾರ ಬೇಕು.

9. ಉಪಸಂಹಾರ

ಯಾವ ಮಾದರಿಯೂ ತನಗೆ ಉಣಿಸಿದ ಮಾಹಿತಿಗಿಂತ ಉತ್ತಮವಾಗಿರಲಾರದು. ಮರದ ಗುಣಗಳನ್ನು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂತಹ ಕಡೆ ಅಳೆಯಬಹುದು. ಆದರೆ ಮನೆ ಯಾವ ವರ್ಷ ಕಟ್ಟಿದ್ದು, ಮರ ಎಲ್ಲಿಂದ ಬಂತು, ಎಷ್ಟು ಕಾಲ ಒಣಗಿತ್ತು, ಯಾವ ಬರದಲ್ಲಿ ಮಣ್ಣು ಹಾಕಲಿಲ್ಲ, ಯಾವ ಮಳೆಯಲ್ಲಿ ಸೋರಿತು, ಆಸರೆಗಂಬ ಯಾವಾಗ ಬಂತು ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳದು. ಅದು ಮನೆಯ ಹಿರಿಯರ, ಬಡಗಿ ಮನೆತನಗಳ ನೆನಪಿನಲ್ಲಿದೆ. ಬೋಲ್ಟ್ಸ್‌ಮನ್ ತತ್ತ್ವಕ್ಕೆ ಬೇಕಾದ ಭಾರದ ಇತಿಹಾಸವೆಂದರೆ ಇದೇ. ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವ ಜಾನಪದ ಅಧ್ಯಯನಕಾರರು ಮನೆಯ ಹಾಡು-ಆಚರಣೆಗಳೊಂದಿಗೆ ತೊಲೆಯ ಉದ್ದ, ಅಗಲ, ಎತ್ತರ, ನಡುವಿನ ಜಗ್ಗು, ಬೋದಿಗೆಯ ಚಾಚು, ಮಣ್ಣಿನ ದಪ್ಪ ಇವಿಷ್ಟನ್ನಾದರೂ ಅಳೆದು ದಾಖಲಿಸಬೇಕು. ಒಂದು ದಾರ, ಒಂದು ಅಳತೆಪಟ್ಟಿ ಇದಕ್ಕೆ ಸಾಕು.

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿ ಜನ ನವನಗರಕ್ಕೆ ಸ್ಥಳಾಂತರಗೊಂಡರು. ಹೀಗೆ ತೆರವಾದ ಊರುಗಳ ತೊಲೆಗಳು ಮತ್ತೆ ಅಳತೆಗೆ ಸಿಗುವುದಿಲ್ಲ. ಉಳಿದಿರುವ ಮಾಳಿಗೆಗಳ ಮಟ್ಟಿಗಾದರೂ ಎಂಜಿನಿಯರಿಂಗ್ ಮತ್ತು ಜಾನಪದ ವಿಭಾಗಗಳು ಜೊತೆಗೂಡಿ ಕೆಲಸ ಮಾಡಿದರೆ, ಯಾವ ಮನೆಯನ್ನು ಉಳಿಸಬಹುದು, ಯಾವುದನ್ನು ಹಗುರಗೊಳಿಸಬೇಕು, ಯಾವುದರಿಂದ ಜನರನ್ನು ಹೊರತರಬೇಕು ಎಂಬ ತೀರ್ಮಾನಕ್ಕೆ ಆಧಾರ ದೊರೆಯುತ್ತದೆ.